ಚೀಸ್‌ನ ಕಾವಲುಗಾರರು

ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸ್‌ನ ಗುಣ ಮೊದಲು ತಿಳಿಯುವುದು ಕಿವಿಗೆ. ಹನ್ನೆರಡು ತಿಂಗಳು ಹಲಗೆಯ ಮೇಲೆ ಮಾಗಿದ ದೊಡ್ಡ ಚಕ್ರವನ್ನು ತಜ್ಞನೊಬ್ಬ ಪುಟ್ಟ ಸುತ್ತಿಗೆಯಿಂದ ಸುತ್ತಲೂ ತಟ್ಟುತ್ತಾ ಹೋಗುತ್ತಾನೆ. ಒಳಗೆ ಬಿರುಕೋ ಪೊಳ್ಳೋ ಇದ್ದರೆ ಸದ್ದು ಬದಲಾಗುತ್ತದೆ. ಪಾಸಾದದ್ದಕ್ಕೆ ಕಾದ ಲೋಹದ ಮುದ್ರೆ ಬೀಳುತ್ತದೆ. ತೀರಾ ದೋಷವಿದ್ದರೆ, ಸಿಪ್ಪೆಯ ಮೇಲೆ ಚುಕ್ಕೆಗಳಲ್ಲಿ ಮೂಡಿದ್ದ ಹೆಸರನ್ನೇ ಕೆರೆದು ಹಾಕುತ್ತಾರೆ. ಸುಮಾರು 550 ಲೀಟರ್ ಹಾಲು, ಒಂದು ವರ್ಷದ ಕಾಯುವಿಕೆ, ಎಲ್ಲವೂ ಹೆಸರಿಲ್ಲದ ಸರಕಾಗುತ್ತದೆ.

ಕೆರೆಸುವುದು ಸರ್ಕಾರವಲ್ಲ, ತಯಾರಕರದೇ ಒಕ್ಕೂಟ. 1934ರಲ್ಲಿ ಶುರುವಾದದ್ದು. ತನ್ನವರ ಚಕ್ರವನ್ನೇ ತಿರಸ್ಕರಿಸುವ ಈ ನಿಷ್ಠುರತೆಯಿಂದಲೇ ಹೊರಗಿನವರನ್ನು ಪ್ರಶ್ನಿಸುವ ನೈತಿಕ ಬಲ ಅದಕ್ಕೆ ಬಂದಿದೆ ಎಂಬುದು ನನ್ನ ದೃಢ ನಂಬಿಕೆ. ಇಟಲಿ ಸರ್ಕಾರವೂ ಒಕ್ಕೂಟದ ತಪಾಸಕರಿಗೆ ಕಾನೂನಿನ ಅಧಿಕಾರ ಕೊಟ್ಟಿದೆ. ಕೃಷಿ ಸಚಿವಾಲಯದ ವಂಚನೆ ತಡೆ ವಿಭಾಗದ ಜೊತೆಗೂಡಿ ಅವರು ಮಾರುಕಟ್ಟೆಯ ಮೇಲೆ ಕಣ್ಣಿಡುತ್ತಾರೆ.

ತೊಡಕು ಬರುವುದು ಗಡಿ ದಾಟಿದಾಗ. 1996ರಲ್ಲಿ ಯುರೋಪಿಯನ್ ಒಕ್ಕೂಟ ಈ ಹೆಸರಿಗೆ ರಕ್ಷಣೆ ಕೊಟ್ಟಿತು. ಆದರೂ ಜರ್ಮನಿಯಲ್ಲಿ ಬೇರೆ ಚೀಸ್ ‘ಪಾರ್ಮೆಸಾನ್’ ಎಂದು ಮಾರಾಟವಾಗುತ್ತಲೇ ಇತ್ತು. ವ್ಯಾಜ್ಯ ಯುರೋಪಿನ ನ್ಯಾಯಾಲಯದ ಮೆಟ್ಟಿಲೇರಿತು. 2008ರ ತೀರ್ಪು ವಿಚಿತ್ರವಾಗಿತ್ತು: ಆ ಹೆಸರಿನ ಬಳಕೆ ಮೂಲ ಹೆಸರನ್ನೇ ನೆನಪಿಸುತ್ತದೆ, ಹಾಗಾಗಿ ತಪ್ಪು, ಆದರೆ ಜರ್ಮನಿಯ ಅಧಿಕಾರಿಗಳು ತಾವಾಗಿಯೇ ಕ್ರಮಕ್ಕಿಳಿಯಬೇಕಿಲ್ಲ. ಅಂದರೆ ಇಟಲಿಯ ತಯಾರಕರೇ ಪರದೇಶದಲ್ಲಿ ವಕೀಲರನ್ನಿಟ್ಟು ಸೆಣಸಬೇಕು. ಸಣ್ಣ ಒಕ್ಕೂಟವಾಗಿದ್ದರೆ ಅಲ್ಲೇ ಸೋಲುತ್ತಿತ್ತು. ಯುರೋಪಿಯನ್ ಒಕ್ಕೂಟದ 2012ರ ನಿಯಮ ಇದನ್ನು ಸರಿಪಡಿಸಿತು. ಈಗ ಇಂಥ ದುರ್ಬಳಕೆಯನ್ನು ತಡೆಯುವುದು ಪ್ರತಿ ಸದಸ್ಯ ರಾಷ್ಟ್ರದ ಅಧಿಕಾರಿಗಳ ಹೊಣೆ. ತಯಾರಕರ ಒಕ್ಕೂಟ ಪತ್ತೆ ಹಚ್ಚಿ ದೂರು ಕೊಟ್ಟರೆ, ಸರ್ಕಾರ ಕಟ್ಟಿಹಾಕುತ್ತದೆ. ನನ್ನ ಮಟ್ಟಿಗೆ ಇದೇ ಸರಿಯಾದ ಕೆಲಸ ಹಂಚಿಕೆ.

ಅಟ್ಲಾಂಟಿಕ್ ದಾಟಿದರೆ ಈ ರಕ್ಷಣೆ ನಡೆಯದು. ಅಮೆರಿಕದಲ್ಲಿ ಪಾರ್ಮೆಸಾನ್ ಎಂಬುದು ಒಂದು ಬಗೆಯ ಚೀಸ್‌ನ ಸಾಮಾನ್ಯ ಹೆಸರು, ಯಾರು ಬೇಕಾದರೂ ಬಳಸಬಹುದು. ನಮ್ಮೂರಲ್ಲಿ ಆಮದು ಚೀಸ್ ಕೊಳ್ಳುವವರು ಡಬ್ಬಿಯ ಪುಡಿಯನ್ನು ಬಿಟ್ಟು ಸಿಪ್ಪೆಯಿರುವ ತುಂಡನ್ನೇ ಕೇಳಿ, ಚುಕ್ಕೆಯಕ್ಷರಗಳನ್ನು ಹುಡುಕಿ.