ಉಪನಯನವೂ ಮೇಲ್ಪಂಕ್ತಿಯೂ: ‘ಗೃಹಭಂಗ’ದ ಒಂದು ಸಮಸ್ಯೆ

ಬಾಲನು ವಯಸ್ಕನಾಗುವುದು ಯಾವಾಗ ಎಂಬ ಪ್ರಶ್ನೆಗೆ ಹಲವು ಪ್ರಾಚೀನ ಸಮಾಜಗಳು ಒಂದು ಸಂಸ್ಕಾರದ ಮೂಲಕ ಉತ್ತರವಿತ್ತಿವೆ. ಯಹೂದ್ಯರಲ್ಲಿ 13 ವರ್ಷ ತುಂಬಿದ ಹುಡುಗನು ‘ಬಾರ್ ಮಿಟ್ಸ್ವಾ’ ಆಗುತ್ತಾನೆ. ಎಂದರೆ ಧರ್ಮವಿಧಿಗಳಿಗೆ ತಾನೇ ಹೊಣೆಯಾಗುತ್ತಾನೆ. ಅವನು ಸಭೆಯಲ್ಲಿ ತೋರಾ ಗ್ರಂಥವನ್ನು ಓದುವುದೂ, ಮಗನ ಹೊಣೆ ತನ್ನಿಂದ ಇಳಿಯಿತೆಂದು ತಂದೆಯು ದೇವರನ್ನು ಸ್ತುತಿಸುವುದೂ ವಾಡಿಕೆ. ನಮ್ಮ ‘ಉಪನಯನ’ ಶಬ್ದಕ್ಕಾದರೋ ಹತ್ತಿರಕ್ಕೆ ಕರೆದೊಯ್ಯುವುದೆಂದು ಅರ್ಥ. ಒಂದು ಹೊಣೆಯನ್ನು ಹೇಳುತ್ತದೆ, ಇನ್ನೊಂದು ಸಾಮೀಪ್ಯವನ್ನು. ಆದರೆ ಯಾರ ಸಾಮೀಪ್ಯ? ಆ ಸ್ಥಾನದಲ್ಲಿರುವವನು ಅನುಕರಣೆಗೆ ಯೋಗ್ಯನಲ್ಲದಿದ್ದರೆ ಸಂಸ್ಕಾರದ ಗತಿಯೇನು?

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರ (1931–2025) ‘ಗೃಹಭಂಗ’ (1970) ಈ ಪ್ರಶ್ನೆಯನ್ನು ಎತ್ತುವ ಕೃತಿಯೆಂದು ನಮ್ಮ ಅಭಿಪ್ರಾಯ. ಹಳೇಕೋಟೆ, ಹೊಳೆನರಸೀಪುರಗಳ ಕಡೆಯ ಓದುಗರಿಗೆ ಅದರ ಶಾನುಭೋಗಿಕೆ, ಬರ, ಪ್ಲೇಗುಗಳು ಹಿರಿಯರ ಬಾಯಿಂದ ಕೇಳಿದ ಸಂಗತಿಗಳೇ. ಕಾದಂಬರಿಯನ್ನು ನಂಜಮ್ಮನ ದುರಂತವೆಂದು ಓದುವುದು ರೂಢಿ. ಅದು ತಪ್ಪಲ್ಲ; ಆದರೆ ಅಷ್ಟಕ್ಕೇ ನಿಂತರೆ ಕೊನೆಯ ಭಾಗವು ಕಥೆಗೆ ಅಂಟಿಸಿದ ಬಾಲದಂತೆ ತೋರೀತು.

ನಂಜಮ್ಮನ ಗಂಡ ಚೆನ್ನಿಗರಾಯನನ್ನು ನೋಡಿರಿ. ಅವನಿಗೆ ಜನಿವಾರವಿದೆ, ವಿವಾಹವಾಗಿದೆ, ಶಾನುಭೋಗಿಕೆಯ ಹಕ್ಕಿದೆ. ವಯಸ್ಕನೆನಿಸಲು ಸಮಾಜವು ಕೇಳುವ ಕುರುಹುಗಳೆಲ್ಲ ಇದ್ದೂ ಅವನು ಹಸಿದ ಹುಡುಗನಾಗಿಯೇ ಉಳಿಯುತ್ತಾನೆ. ಹಕ್ಕು ಅವನದು, ಲೆಕ್ಕ ಬರೆಯುವ ಕೈ ನಂಜಮ್ಮನದು. ಎಲೆ ಹಚ್ಚಿ, ಲೆಕ್ಕ ಬರೆದು ಸಂಸಾರವನ್ನು ನಡೆಸುವ ಅವಳಿಗೆ ಯಾವ ಸಂಸ್ಕಾರವೂ ಪ್ರಾಯವನ್ನು ಘೋಷಿಸಲಿಲ್ಲ. ಸಂಸ್ಕಾರಕ್ಕೂ ಪಕ್ವತೆಗೂ ಇರುವ ಈ ಬಿರುಕೇ ಕೃತಿಯ ನಿಜವಾದ ‘ಭಂಗ’.

ಮಕ್ಕಳು ಹೀಗೆ ಎರಡು ಮೇಲ್ಪಂಕ್ತಿಗಳ ನಡುವೆ ಬೆಳೆಯುತ್ತಾರೆ. ಪ್ಲೇಗು ಪಾರ್ವತಿ, ರಾಮಣ್ಣರನ್ನು ಒಯ್ಯುತ್ತದೆ; ಮುಂದೆ ತಾಯಿಯನ್ನೂ ಒಯ್ಯುತ್ತದೆ. ಉಳಿದ ವಿಶ್ವನನ್ನು ಊರಿನಿಂದ ಕರೆದೊಯ್ಯುವವರು ತಂದೆಯಲ್ಲ, ಭಿಕ್ಷೆಯಿಂದ ಬದುಕುವ ಅಯ್ಯನವರಾದ ಮಹಾದೇವಯ್ಯನವರು. ಕುಲವೂ ಮತವೂ ಬೇರೆಯಾದ ಹಿರಿಯರೊಬ್ಬರು ಕೈಹಿಡಿದು ನಡೆಸುವ ಆ ನಡಿಗೆಯೇ, ಶಬ್ದದ ಮೂಲಾರ್ಥದಲ್ಲಿ, ಉಪನಯನ. ಮಂತ್ರವಿಲ್ಲ, ಹೋಮವಿಲ್ಲ, ಬಾಲನು ಗುರುವಿನ ಹತ್ತಿರಕ್ಕೆ ಬಂದಿದ್ದಾನೆ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಮಹಾದೇವಯ್ಯನವರು ಸಂಸಾರದ ಹೊರಗಿನವರು. ಅನುಕರಣಯೋಗ್ಯನು ಸಂಸಾರದಾಚೆಗೆ ಮಾತ್ರ ದೊರಕುವನೆಂದರೆ ಗೃಹಸ್ಥಜೀವನಕ್ಕೆ ಆದರ್ಶವೇ ಇಲ್ಲವೆಂದಾಗದೆ? ಇದಕ್ಕೆ ಕೃತಿಯು ಕೊಡುವ ಉತ್ತರ ನಂಜಮ್ಮನೇ. ಆದರೆ ಅವಳ ಮೇಲ್ಪಂಕ್ತಿಯನ್ನು ಮುಂದುವರಿಸಬೇಕಾಗಿದ್ದ ಮಗಳ ಬಾಳು ಮದುವೆಯ ಹಿಂದೆಯೇ ಮುಗಿಯುತ್ತದೆ. ಹೆಣ್ಣಿನ ಪ್ರಾಯಕ್ಕೆ ವಿವಾಹವಲ್ಲದೆ ಬೇರೆ ಗುರುತನ್ನು ಆ ಸಮಾಜವು ಕಲ್ಪಿಸಿರಲಿಲ್ಲ. ಕಾದಂಬರಿಯ ಕಾಲವಾದ 1920ರ ದಶಕದಲ್ಲೇ, 1922ರಲ್ಲಿ, ನ್ಯೂಯಾರ್ಕ್ ನಗರದಲ್ಲಿ ಮಾರ್ಡೆಕೈ ಕಪ್ಲಾನ್ ಎಂಬ ಯಹೂದ್ಯ ಗುರು ತನ್ನ ಮಗಳು ಜೂಡಿತಳಿಗೆ ಸಭೆಯ ಮುಂದೆ ‘ಬಾತ್ ಮಿಟ್ಸ್ವಾ’ವನ್ನು ನೆರವೇರಿಸಿದನು. ಅಲ್ಲಿ ತಂದೆಯು ಸಂಪ್ರದಾಯದ ಒಳಗಿನಿಂದಲೇ ಬಾಗಿಲನ್ನು ತೆರೆದನು. ರಾಮಸಂದ್ರದಲ್ಲಿ ಅಂತಹ ತಂದೆಯಿರಲಿಲ್ಲ. ಬಾಗಿಲನ್ನು ತಾಯಿಯೇ ಒಡೆಯಬೇಕಾಯಿತು, ಹೊರಗಿನವರು ಕಾಯಬೇಕಾಯಿತು.

ಆದುದರಿಂದ ‘ಗೃಹಭಂಗ’ವನ್ನು ನಿರಾಶೆಯ ಕೃತಿಯೆನ್ನುವುದು ಅರ್ಧಸತ್ಯ. ಮನೆ ಮುರಿಯಿತು, ಆದರೆ ಸದ್ಗುಣವು ರಕ್ತದಿಂದಲ್ಲ, ಸಹವಾಸದಿಂದ ಹರಿಯುವುದೆಂಬ ತತ್ತ್ವವು ಉಳಿಯಿತು. ವಿಶ್ವನು ಮುಂದೆ ಏನಾದನೆಂಬುದನ್ನು ಕೃತಿಯು ಹೇಳುವುದಿಲ್ಲ. ಯಾರ ಹಿಂದೆ ನಡೆದನೆಂಬುದನ್ನು ಹೇಳುತ್ತದೆ. ವಿಮರ್ಶೆಗೆ ಅದೇ ಮುಖ್ಯವಾದ ಸಾಕ್ಷ್ಯ.