ಕೋನ್ ಬೀಳದಿದ್ದರೆ ಸಾಕೇ?

350 ಕೆ.ಜಿ.ಗೂ ಹೆಚ್ಚು ತೂಗುವ ಹಾರ್ಲೆ-ಡೇವಿಡ್‌ಸನ್ ಗಾಡಿ ಆಳು ನಡೆಯುವ ವೇಗದಲ್ಲಿ, ಹ್ಯಾಂಡಲ್ ಪೂರ್ತಿ ತಿರುಗಿಸಿಕೊಂಡು, ಫುಟ್‌ಬೋರ್ಡ್ ನೆಲಕ್ಕೆ ಉಜ್ಜುತ್ತಾ ಕೋನ್‌ಗಳ ಸಂದಿಯಲ್ಲಿ ಸುತ್ತುವುದನ್ನು ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ. ಅಮೆರಿಕದಲ್ಲಿ ಪೊಲೀಸ್ ಮೋಟಾರ್‌ಸೈಕಲ್ ಏರಬೇಕೆನ್ನುವವರು ದಾಟಬೇಕಾದ ಪರೀಕ್ಷೆ ಇದು. ನಮ್ಮ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕುವಾಗಿನ ನಿಯಮವೇ ಅಲ್ಲೂ: ಕಾಲು ಊರುವಂತಿಲ್ಲ. ಕೋನ್ ತಾಗಿದರೂ ತಪ್ಪೇ. ಇಲಿನಾಯ್ ರಾಜ್ಯದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸೆಂಟರ್ ಫಾರ್ ಪಬ್ಲಿಕ್ ಸೇಫ್ಟಿ ನಡೆಸುವ ಎರಡು ವಾರಗಳ, 80 ಗಂಟೆಗಳ ಕೋರ್ಸು ಈ ಪದ್ಧತಿಗೆ ಹೆಸರುವಾಸಿ.

‘ಕೀಹೋಲ್’ ಎಂಬ ಒಂದು ಕಸರತ್ತನ್ನೇ ನೋಡಿ. ಇಕ್ಕಟ್ಟಾದ ಓಣಿಯಂಥ ಸಾಲಿನಲ್ಲಿ ಒಳಗೆ ಹೋಗಿ, ಕೊನೆಯಲ್ಲಿರುವ ಪುಟ್ಟ ವೃತ್ತದಲ್ಲಿ ತಿರುಗಿ, ಅದೇ ಓಣಿಯಲ್ಲಿ ಹೊರಗೆ ಬರಬೇಕು. ಎಡಗೈ ಹಾಫ್ ಕ್ಲಚ್‌ನಲ್ಲೇ ಇರಬೇಕು. ಆಕ್ಸಿಲರೇಟರ್ ಬಿಡಬಾರದು, ಹಿಂದಿನ ಬ್ರೇಕಿನ ಮೇಲೆ ಪಾದ ಹಗುರವಾಗಿ ಕೂತಿರಬೇಕು. ಎಂಜಿನ್ ಎಳೆಯುತ್ತಿರುವಾಗಲೇ ಬ್ರೇಕು ತಡೆಯುತ್ತಿರುತ್ತದೆ, ಆ ಜಗ್ಗಾಟದಲ್ಲೇ ಗಾಡಿ ನೆಟ್ಟಗೆ ನಿಲ್ಲುವುದು. ಇನ್ನು ಕಣ್ಣು. ಮುಂದಿನ ಚಕ್ರದ ಪಕ್ಕದ ಕೋನನ್ನು ನೋಡಿದಿರೋ, ಅದನ್ನು ಬೀಳಿಸಿದಿರೆಂದೇ ಲೆಕ್ಕ. ಕತ್ತನ್ನು ಹೆಗಲಾಚೆ ತಿರುಗಿಸಿ, ಹೊರಹೋಗುವ ದಾರಿಯನ್ನೇ ನೋಡಬೇಕು. ಹ್ಯಾಂಡಲ್ ತಿರುಗಿರುವಾಗ ಗಾಬರಿಯಿಂದ ಮುಂದಿನ ಬ್ರೇಕು ಹಿಡಿದರೆ ಗಾಡಿ ದೊಪ್ಪನೆ ಮಗುಚಿಕೊಳ್ಳುತ್ತದೆ. ವರ್ಷಗಟ್ಟಲೆ ಬೈಕು ಓಡಿಸಿ ಬಂದವರು ಇಲ್ಲಿ ಹೆಚ್ಚು ಒದ್ದಾಡುವುದು ಇದಕ್ಕೇ. ಬ್ರೇಕ್ ಲಿವರಿನ ಮೇಲೆ ಸದಾ ಎರಡು ಬೆರಳಿಟ್ಟುಕೊಳ್ಳುವ ಅವರ ರೂಢಿಯೇ ಶತ್ರುವಾಗುತ್ತದೆ.

ಬಿದ್ದ ಗಾಡಿಯನ್ನು ಎತ್ತುವುದೂ ಪಾಠದ ಭಾಗ. ಗಾಡಿಗೆ ಬೆನ್ನು ಕೊಟ್ಟು, ಸೀಟಿಗೆ ಒರಗಿ, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ಒತ್ತಿ ನಿಲ್ಲಿಸುತ್ತಾರೆ. ಈ ಉಪಾಯ ಕಲಿತ ಸಣಕಲು ಮೈಯವರೂ ಅದನ್ನು ಎತ್ತಬಲ್ಲರು. ದೊಡ್ಡ ಗಾಡಿಗೆ ದೊಡ್ಡ ಆಳೇ ಬೇಕೆಂಬ ಹಳೆಯ ನಂಬಿಕೆಯನ್ನು ಈ ತರಬೇತಿ ಮುರಿದಿದೆ. ಕೋನಿನ ಇನ್ನೊಂದು ಗುಣವನ್ನೂ ಮೆಚ್ಚಬೇಕು: ಅದಕ್ಕೆ ಶಿಫಾರಸು ನಡೆಯುವುದಿಲ್ಲ.

ನನ್ನ ತಕರಾರು ಇರುವುದು ಮೈದಾನದಾಚೆಯ ರಸ್ತೆಯ ಬಗ್ಗೆ. ಹ್ಯಾರಿ ಹರ್ಟ್ ನೇತೃತ್ವದಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ 900ಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ ಬರೆದ ವರದಿ 1981ರಲ್ಲಿ ಬಂತು. ಸುಮಾರು ಮುಕ್ಕಾಲು ಭಾಗ ಅಪಘಾತಗಳಲ್ಲಿ ಬೈಕು ಇನ್ನೊಂದು ವಾಹನಕ್ಕೆ ಡಿಕ್ಕಿಯಾಗಿತ್ತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಬೈಕಿಗೆ ಬಿಡಬೇಕಾದ ದಾರಿಗೆ ಆ ವಾಹನದವರೇ ಅಡ್ಡ ನುಗ್ಗಿದ್ದರು. ನಮ್ಮ ಕ್ರಾಸುಗಳಲ್ಲಿ ಎದುರಿನ ಕಾರು ಬಲಕ್ಕೆ ತಿರುಗುತ್ತದಲ್ಲ, ಅಲ್ಲಿ ಅದೇ ಕಾರು ಎಡಕ್ಕೆ ತಿರುಗುತ್ತದೆ. ಆ ಗಳಿಗೆಯಲ್ಲಿ ಸವಾರರು ಹಿಂದಿನ ಬ್ರೇಕನ್ನು ತುಳಿದು ಚಕ್ರ ಜಾರಿಸಿದರು, ಮುಂದಿನದನ್ನು ಸಾಕಷ್ಟು ಹಿಡಿಯಲಿಲ್ಲ ಎಂದೂ ವರದಿ ಹೇಳುತ್ತದೆ. ಅದು ಸಾಮಾನ್ಯ ಸವಾರರ ಕಥೆ, ಎಬಿಎಸ್ ಬರುವುದಕ್ಕೆ ಹಿಂದಿನದು ಎಂದು ಒಪ್ಪೋಣ. ಆದರೂ, ಮುಂದಿನ ಬ್ರೇಕು ಮುಟ್ಟಬೇಡ ಎಂದು ದಿನಗಟ್ಟಲೆ ಕೈಗೆ ಪಾಠ ಹೇಳಿ, ಅದೇ ಕೈಯಿಂದ ಹೆದ್ದಾರಿಯಲ್ಲಿ ತದ್ವಿರುದ್ಧವಾದುದನ್ನು ನಿರೀಕ್ಷಿಸುವ ಪದ್ಧತಿ ನನಗೆ ಕಸಿವಿಸಿ ಉಂಟುಮಾಡುತ್ತದೆ. ಗಂಟೆಗೆ 40 ಮೈಲಿ ವೇಗದಲ್ಲಿ ಬಂದು, ಬ್ರೇಕು ಹಿಡಿದು, ಪಕ್ಕಕ್ಕೆ ತಪ್ಪಿಸಿಕೊಳ್ಳುವ ಅಭ್ಯಾಸವೂ ಈ ತರಬೇತಿಯಲ್ಲಿ ಇದೆ, ನಿಜ. ಆದರೆ ಅಲ್ಲೂ ಎದುರಿಗಿರುವುದು ಕೋನೇ. ಇಂಡಿಕೇಟರ್ ಹಾಕದೆ ತಿರುಗುವ ಕೆಟ್ಟ ಚಾಳಿ ಕೋನಿಗಿಲ್ಲ!

ಇದು ಬರೀ ತರ್ಕವಲ್ಲ. 2006ರಲ್ಲಿ ಹೊನೊಲುಲು, 2007ರಲ್ಲಿ ಅಲ್ಬುಕರ್ಕಿ, 2008ರಲ್ಲಿ ಡಲ್ಲಾಸ್: ಮೂರೂ ಕಡೆ ಗಣ್ಯರ ಬೆಂಗಾವಲಿನಲ್ಲಿದ್ದ ಪೊಲೀಸ್ ಸವಾರರು ಬಿದ್ದು ಪ್ರಾಣ ಕಳೆದುಕೊಂಡರು. ಮೊದಲೆರಡು ಅಧ್ಯಕ್ಷ ಬುಷ್ ಅವರ ವಾಹನ ಸಾಲು, ಮೂರನೆಯದು ಚುನಾವಣಾ ಪ್ರಚಾರದಲ್ಲಿದ್ದ ಹಿಲರಿ ಕ್ಲಿಂಟನ್ ಅವರದು. ಬೆಂಗಾವಲಿನ ಕೆಲಸವೇ ಹಾಗೆ. ಒಂದು ಕ್ರಾಸು ತಡೆದು ನಿಲ್ಲಬೇಕು, ಸಾಲು ದಾಟಿದ ಮೇಲೆ ಹಿಂದಿನಿಂದ ಎಲ್ಲರನ್ನೂ ಹಿಂದಿಕ್ಕಿ ಮುಂದಿನ ಕ್ರಾಸಿಗೆ ಓಡಬೇಕು. ಆ ಓಟದಲ್ಲಿ ಬೇಕಾಗುವುದು ಕೀಹೋಲಿನ ಚಾಕಚಕ್ಯತೆಗಿಂತ, ಇಷ್ಟು ವೇಗ ಈ ರಸ್ತೆಗೆ ಸಲ್ಲುತ್ತದೆಯೇ ಎಂದು ಅಳೆಯುವ ಬುದ್ಧಿ.

ಬ್ರಿಟನ್ನಿನ ಪೊಲೀಸರು ಹಿಡಿದಿದ್ದು ಬೇರೆ ದಾರಿ. 1930ರ ದಶಕದಲ್ಲಿ ಲಂಡನ್ನಿನ ಹೆಂಡನ್ ಶಾಲೆಯಲ್ಲಿ ಬೆಳೆದ ‘ರೋಡ್‌ಕ್ರಾಫ್ಟ್’ ಪದ್ಧತಿಗೆ ಬೈಕಿನವರಿಗೆಂದೇ ಪ್ರತ್ಯೇಕ ಕೈಪಿಡಿ ಇದೆ. ಅಲ್ಲಿ ತರಬೇತಿಯ ಬಹುಪಾಲು ನಡೆಯುವುದು ನಿಜವಾದ ರಸ್ತೆಯಲ್ಲಿ. ಮೊದಲು ರಸ್ತೆಯಿಂದ ಮಾಹಿತಿ, ಆಮೇಲೆ ಗಾಡಿಯ ಸ್ಥಾನ, ವೇಗ, ಗೇರು, ಕೊನೆಗೆ ಆಕ್ಸಿಲರೇಟರ್: ಕ್ರಮ ಇದೇ. ತಿರುವಿನಲ್ಲಿ ರಸ್ತೆಯ ಎರಡೂ ಅಂಚು ಒಂದಾಗಿ ಕಾಣುವ ಬಿಂದು ದೂರ ಸರಿಯುತ್ತಿದೆಯೋ ಹತ್ತಿರ ಬರುತ್ತಿದೆಯೋ ನೋಡಿ ವೇಗ ಹೊಂದಿಸಿಕೊಳ್ಳುವುದನ್ನು ಕಲಿಸುತ್ತಾರೆ. ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸುವ ಅಭ್ಯಾಸವೂ ಇದೆ: ಎಡಗಡೆ ನಿಂತ ವ್ಯಾನಿನ ಕೆಳಗೆ ಕಾಲು ಕಾಣುತ್ತಿದೆ, ಯಾರೋ ದಾಟಬಹುದು. ಸವಾರನ ತಲೆಯಲ್ಲಿ ಓಡುತ್ತಿರುವುದು ಗುರುವಿಗೂ ಕೇಳಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು. ಇದಕ್ಕೆ ಗುರುಗಳು ಹೆಚ್ಚು ಬೇಕು, ಸಮಯ ಬೇಕು. ಪಾಸು-ಫೇಲು ಗುರುವಿನ ವಿವೇಚನೆಗೆ ಬಿದ್ದಾಗ ಮುಲಾಜು ನುಸುಳುವ ಭಯವೂ ಉಂಟು. ಲೆಕ್ಕಪತ್ರ ಇಡುವ ಇಲಾಖೆಗೆ ಕೋನ್ ಎಣಿಸುವುದೇ ಸಲೀಸು.

ಅಮೆರಿಕದ 80 ಗಂಟೆಗಳಲ್ಲಿ ಒಂದನ್ನೂ ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಕಿಕ್ಕಿರಿದ ಬೀದಿಯಲ್ಲಿ, ಮೆರವಣಿಗೆಯ ಪಕ್ಕದಲ್ಲಿ ಆ ಕಸುಬಿಲ್ಲದವರು ಜನರ ಮೇಲೇ ಗಾಡಿ ಬೀಳಿಸಿಕೊಂಡಾರು. ಆದರೆ ಕೋನ್ ದಾಟಿದವರ ಕೈಗೆ ಅದೇ ವಾರ ಬೆಂಗಾವಲಿನ ಕೆಲಸ ಕೊಡಬಾರದು. ಅನುಭವಿಯೊಬ್ಬರು ಹಿಂದೆ ಬೈಕಿನಲ್ಲಿ ಬರುತ್ತಾ, ಕ್ರಾಸಿನಿಂದ ಕ್ರಾಸಿಗೆ ಅವರ ಮಾತು ಕೇಳಿಸಿಕೊಂಡು, ಸರಿ ಎಂದ ಮೇಲೆಯೇ ಕೊಡಬೇಕು.