ಸ್ವಂತ ದನಿಗೆ ಯಾರ ಅಂಕಿತ?

ಹಾಡುಗಾರರ ಬಗ್ಗೆ ನಮ್ಮ ಟೀವಿಯವರೂ ಪತ್ರಿಕೆಯವರೂ ಹೇಳುವ ಕತೆ ಒಂದೇ. ಹುಡುಗನಿಗೆ ಹಾಡಬೇಕೆಂಬ ಆಸೆ. ಮನೆಯವರು ಬೇಡವೆನ್ನುತ್ತಾರೆ, ಊರವರು ನಗುತ್ತಾರೆ, ಕಡೆಗೆ ಅವನಿಗೇ ತನ್ನ ಮೇಲೆ ಅನುಮಾನ. ಒಂದು ದಿನ ಅವನು ಎಲ್ಲರ ಮಾತಿಗೂ ಕಿವಿ ಮುಚ್ಚಿಕೊಂಡು ತನ್ನೊಳಗೆ ಇಳಿಯುತ್ತಾನೆ. ಅಲ್ಲಿ ಹುಟ್ಟಿದಾಗಿನಿಂದ ಕಾದು ಕೂತಿದ್ದ ಸ್ವಂತ ದನಿಯೊಂದು ಅವನ ಕೈಗೆ ಸಿಗುತ್ತದೆ. ಜೀ ಕನ್ನಡದ ಸರಿಗಮಪ ವೇದಿಕೆಗೆ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಬಂದಾಗ ನಾಡು ಅವನನ್ನು ಮೆಚ್ಚಿದ್ದರಲ್ಲಿ ಹಾಡಿನ ಪಾಲೆಷ್ಟು, ಈ ಕತೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಕಡೆ ಫೋನು, ಕೀಬೋರ್ಡು ಹಿಡಿದು ತಮ್ಮದೇ ಹಾಡು ಕಟ್ಟುತ್ತಿರುವ ಹುಡುಗರಿಗೂ ಹಿತೈಷಿಗಳು ಹೇಳುವುದು ಇದನ್ನೇ: ಅನುಮಾನ ಬಿಡು, ನಿನ್ನೊಳಗಿನ ದನಿಯನ್ನು ನಂಬು.

ಈ ಉಪದೇಶ ಕೇಳಲು ಹಿತವಾಗಿದೆ. ಆದರೆ ತುಂಗಭದ್ರೆ–ಕೃಷ್ಣೆಯರ ನಡುವಿನ ಈ ಸೀಮೆಯಲ್ಲಿ ದನಿ ಕಂಡುಕೊಂಡವರ ಚರಿತ್ರೆಯನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಇಲ್ಲಿ ದನಿ ಸಿಕ್ಕಿದ್ದು ಒಳಗಲ್ಲ, ಹೊರಗೆ. ಅನುಮಾನವನ್ನು ಗೆದ್ದವರಿಗಿಂತ ಅನುಮಾನ ತಗುಲಿಸಿಕೊಂಡವರಿಗೇ ಅದು ಹೆಚ್ಚಾಗಿ ಸಿಕ್ಕಿದೆ.

ಸಿಂಧನೂರಿಗೆ ಹೊಂದಿಕೊಂಡಿರುವ ಮಾನ್ವಿಯ ಶ್ರೀನಿವಾಸಾಚಾರ್ಯರ ಕತೆ ಈ ಕಡೆ ಭಜನೆಗೆ ಕೂತವರಿಗೆಲ್ಲ ಗೊತ್ತು. 1728ರಲ್ಲಿ ಬ್ಯಾಗವಾಟದಲ್ಲಿ ಹುಟ್ಟಿದ ಅವರು ಸಂಸ್ಕೃತದಲ್ಲಿ ಗಟ್ಟಿ ಪಂಡಿತರು. ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಕನ್ನಡದಲ್ಲಿ ಹಾಡುವ ದಾಸರೆಂದರೆ ಅವರಿಗೆ ತಾತ್ಸಾರ. ಅದೇ ತಾಲೂಕಿನ ಚೀಕಲಪರವಿಯ ವಿಜಯದಾಸರು ಮಾನ್ವಿಗೆ ಬಂದು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರಂತೆ. ನೆಪವೇ ನಿಜವಾಯಿತು, ನೋವು ಬಿಡಲಿಲ್ಲ. ಕಡೆಗೆ ವಿಜಯದಾಸರ ಬಳಿಗೇ ಹೋದರು. ಅವರು ತಮ್ಮ ಶಿಷ್ಯರಾದ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ ಕೊಟ್ಟು ಇವರನ್ನು ಉಳಿಸಿದರು ಎಂಬುದು ಸಂಪ್ರದಾಯದ ಮಾತು. ಗೋಪಾಲದಾಸರು ತೀರಿಕೊಂಡಿದ್ದು 1762ರಲ್ಲಿ, ನಲವತ್ತರ ಆಸುಪಾಸಿನಲ್ಲಿ. ಜಗನ್ನಾಥದಾಸರಾದ ಶ್ರೀನಿವಾಸಾಚಾರ್ಯರು 1809ರವರೆಗೆ ಬದುಕಿದರು. ಲೆಕ್ಕ ಕೂಡಿಬಂದಿದ್ದರಿಂದಲೋ ಏನೋ ಕತೆ ಗಟ್ಟಿಯಾಗಿ ನಿಂತಿದೆ.

ಭಕ್ತರು ಇದನ್ನು ಅಪಚಾರಕ್ಕಾದ ಶಿಕ್ಷೆ, ಶರಣಾಗತಿಗಾದ ಕೃಪೆ ಎಂದು ಓದುತ್ತಾರೆ. ಈಚಿನವರಾದರೆ ಮೂಢನಂಬಿಕೆ ಎಂದು ಬದಿಗಿಡುತ್ತಾರೆ. ಎರಡು ಓದಿನಲ್ಲೂ ಹಾಡುಗಾರ ಕಾಣೆ. ಆಚಾರ್ಯರಿಗೆ ಆತ್ಮವಿಶ್ವಾಸದ ಕೊರತೆ ಇರಲಿಲ್ಲ, ಇದ್ದದ್ದು ಅದರ ಅಜೀರ್ಣ. ತಾನು ಬಲ್ಲ ಭಾಷೆ, ತಾನು ಬಲ್ಲ ಶಾಸ್ತ್ರ, ತನ್ನ ಪಂಕ್ತಿ, ಇಷ್ಟು ಸಾಕು ಎಂದುಕೊಂಡಿದ್ದವರು. ಅವರಿಗೆ ಅನುಮಾನ ಹುಟ್ಟಬೇಕಾಗಿತ್ತು, ಹುಟ್ಟಿಸಿದವರು ಹೊರಗಿನವರು. ಆಮೇಲೆ ಬಂದ 'ಹರಿಕಥಾಮೃತಸಾರ'ವನ್ನು ನೋಡಿ. ಛಂದಸ್ಸು ಕುಮಾರವ್ಯಾಸ ಮೆರೆಸಿದ ಭಾಮಿನಿ ಷಟ್ಪದಿ. ತತ್ತ್ವ ಮಧ್ವರದು. ಭಾಷೆ ತಾವೇ ಹೀಗಳೆದಿದ್ದ ಕನ್ನಡ. 'ತತ್ತ್ವ ಸುವ್ವಾಲಿ'ಗಂತೂ ಹೆಂಗಸರು ಒನಕೆ ಹಿಡಿದು ಕುಟ್ಟುವಾಗ ಹಾಡುವ ಸುವ್ವಿಯ ಧಾಟಿ. ಸ್ವಂತದ್ದು ಎನ್ನಲು ಒಂದೂ ಇಲ್ಲ. ಆದರೂ ಎರಡು ಸಾಲು ಕಿವಿಗೆ ಬಿದ್ದರೆ ಸಾಕು, ಇದು ಜಗನ್ನಾಥದಾಸರದು ಎಂದು ಬಲ್ಲವರು ಹೇಳಿಬಿಡುತ್ತಾರೆ. ಆ ಗುರುತು ಎಲ್ಲಿಂದ ಬಂತು? ಪಂಡಿತನ ಬಿಗಿಯಾದ ತರ್ಕವೂ ಒರಳಿನ ಮುಂದೆ ನಿಂತವಳ ಲಯವೂ ಒಂದನ್ನೊಂದು ತಡೆದು ನಿಲ್ಲಿಸಿದ ಜಾಗದಿಂದ. ಆಚಾರ್ಯರು ತಮ್ಮೊಳಗಷ್ಟೇ ಹುಡುಕಿದ್ದರೆ ಸಿಗುತ್ತಿದ್ದದ್ದು ಇನ್ನಷ್ಟು ಸಂಸ್ಕೃತ.

ಅವರ ಶಿಷ್ಯರಲ್ಲಿ ಒಬ್ಬರು ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರು. ಅವರಿಗೆ ಅಂಕಿತ ಬಂದದ್ದು ಗುರುವಿನಿಂದ. ಹಾಡಿನ ಕೊನೆಗೆ ಕವಿ ತನ್ನ ಸಹಿ ಹಾಕುವ ಜಾಗದಲ್ಲಿ ಇನ್ನೊಬ್ಬರು ಕೊಟ್ಟ ಹೆಸರು, ಅದೂ ದೇವರ ಹೆಸರು. ಇಲ್ಲಿಂದ ಸ್ವಲ್ಪ ದೂರದ ಮಸ್ಕಿಯಲ್ಲಿ ಇದಕ್ಕೆ ತದ್ವಿರುದ್ಧವಾದ ಬಂಡೆಯೊಂದಿದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಸಿಕ್ಕ ಅಶೋಕನ ಶಾಸನ. ಬಹುಪಾಲು ಶಾಸನಗಳು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಲ್ಲೇ ಮುಗಿದರೆ, ಮಸ್ಕಿಯದರಲ್ಲಿ ಅಶೋಕ ಎಂಬ ಹೆಸರೇ ಇದೆ. ಬಿರುದಿನ ಹಿಂದಿನ ಅರಸ ಯಾರೆಂಬುದು ಹೀಗೆ ಖಚಿತವಾಯಿತು. ದೊರೆಗೆ ಹೆಸರು ಕೆತ್ತಿಸಿಕೊಳ್ಳುವುದು ಸಲ್ಲುತ್ತದೆ. ಹಾಡುಗಾರ ಹೆಸರನ್ನು ಕೊಟ್ಟು ಬಿಡಬೇಕಾಗಿತ್ತು. ಕೊಟ್ಟುಬಿಟ್ಟವರ ಹಾಡು ಇವತ್ತಿಗೂ ಬಾಯಲ್ಲಿದೆ ಎಂಬುದನ್ನು ನಮ್ಮ 'ಸ್ವಂತಿಕೆ'ಯ ವಕೀಲರು ಹೇಗೆ ವಿವರಿಸುತ್ತಾರೋ.

ಇದೆಲ್ಲ ಭಕ್ತಿಯ ಕಾಲದ ಮಾತಾಯಿತು ಎನ್ನುವವರಿಗೆ ಕ್ಲಾರಿಯೋನೆಟ್ ತೋರಿಸುತ್ತೇನೆ. ರಾಯಚೂರು ಸೀಮೆಯ ಪಂಡಿತ ನರಸಿಂಹಲು ವಡವಾಟಿ ಕೈಗೆತ್ತಿಕೊಂಡ ವಾದ್ಯ ಅದು. ಬ್ಯಾಂಡಿನವರ, ಮದುವೆ ಮೆರವಣಿಗೆಯ ವಾದ್ಯ. ಹಲವು ತೂತುಗಳ ಮೇಲೆ ಲೋಹದ ಕೀಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರಲು ಸುಲಭ, ಜಾರಲು ಕಷ್ಟ. ಹಿಂದೂಸ್ತಾನಿಯ ಜೀವ ಇರುವುದೋ ಆ ಜಾರುವಿಕೆಯಲ್ಲೇ. ಮೀಂಡ್ ಎನ್ನುವ ಆ ಜಾರು ಬೇಕೆಂದರೆ ತುಟಿಯ ಒತ್ತಡ, ಉಸಿರು, ಬೆರಳಿನ ತುದಿ ಮೂರನ್ನೂ ಹದ ಮಾಡಿಕೊಂಡು ವಾದ್ಯ ಬೇಡವೆಂದದ್ದನ್ನು ಅದರಿಂದಲೇ ಹೊರಡಿಸಬೇಕು. ಗುರು ಯಾರು? ಗಾಯಕರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿ, ಇವತ್ತು ರಾಯಚೂರಿನ ರಂಗಮಂದಿರಕ್ಕೆ ಹೆಸರಾಗಿರುವವರು. ಊದುವ ಶಿಷ್ಯನಿಗೆ ಹಾಡುವ ಗುರು. ಗಂಟಲಿನಲ್ಲಿ ಸಹಜವಾದದ್ದು ಕೊಳವೆಯಲ್ಲಿ ಬಾರದೆ ಹೋದಾಗಲೆಲ್ಲ ವಾದ್ಯದ ಮೇಲೂ ಕೈಯ ಮೇಲೂ ಅನುಮಾನ ಬರಲೇಬೇಕು. 'ನಿನ್ನನ್ನು ನೀನು ನಂಬು' ಎಂದು ಯಾರಾದರೂ ಬೆನ್ನು ತಟ್ಟಿ ಆ ಅನುಮಾನವನ್ನು ಹೋಗಲಾಡಿಸಿದ್ದರೆ ಬ್ಯಾಂಡಿನ ವಾದ್ಯ ಬ್ಯಾಂಡಿನಲ್ಲೇ ಉಳಿಯುತ್ತಿತ್ತು.

ಒಳಗೆ ಇಳಿ ಎಂಬ ಉಪದೇಶಕ್ಕೆ ದೊಡ್ಡ ಸಾಕ್ಷಿಯಾಗಿ ಸಾಹಿತ್ಯದವರು ಜರ್ಮನ್ ಭಾಷೆಯ ಕವಿ ರಿಲ್ಕೆಯನ್ನು ಕರೆತರುತ್ತಾರೆ. 1903ರಿಂದ ಅವನು ಒಬ್ಬ ಯುವಕನಿಗೆ ಬರೆದ ಪತ್ರಗಳು ಲೋಕಪ್ರಸಿದ್ಧ. ಅವರು ಹೇಳದೆ ಬಿಡುವ ಸಂಗತಿಯೆಂದರೆ, ಆ ಪತ್ರಗಳನ್ನು ಬರೆಯತೊಡಗಿದ ಕಾಲಕ್ಕೇ ರಿಲ್ಕೆ ಪ್ಯಾರಿಸ್ಸಿನಲ್ಲಿ ಶಿಲ್ಪಿ ರೋದ್ಯಾನ ಬಾಗಿಲು ಕಾಯುತ್ತಿದ್ದ, ಮುಂದೆ ಅವನ ಕಾರ್ಯದರ್ಶಿಯೂ ಆದ. ಹೊರಗಿನ ವಸ್ತುವನ್ನು ದಿಟ್ಟಿಸಿ ನೋಡುವುದನ್ನು ಆ ಮುದುಕನ ಕೆಲಸದಿಂದ ಕಲಿತ ಮೇಲೆಯೇ 1907ರ ಹೊಸ ಕವಿತೆಗಳು ಬಂದವು. ಉಪದೇಶ ಒಂದು, ನಡೆದ ದಾರಿ ಇನ್ನೊಂದು.

ಹೊರಗಿನಿಂದ ಕಲಿಯುವ ದಾರಿ ನಮ್ಮ ಸೀಮೆಯ ಹಬ್ಬದಲ್ಲೂ ಇದೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಹೆಸರಾದದ್ದು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ, ಈ ಕಡೆಯ ಹಳ್ಳಿಗಳಲ್ಲೂ ಹಾಗೇ. ಕರ್ಬಲಾದ ಕತೆ ಕನ್ನಡದ ರಿವಾಯತ್ ಪದವಾಗಿ ಹರಿಯುತ್ತದೆ. ಈ ಪದಗಳ ಗಮ್ಮತ್ತು ಇರುವುದು ಸವಾಲು–ಜವಾಬಿನಲ್ಲಿ. ಒಂದು ಮೇಳ ಪದದಲ್ಲೇ ಪ್ರಶ್ನೆ ಎಸೆಯುತ್ತದೆ, ಎದುರಿನದು ಪದದಲ್ಲೇ ಉತ್ತರಿಸಬೇಕು. ಹರದೇಶಿ–ನಾಗೇಶಿ ಗೀಗೀ ಮೇಳಗಳದೂ ಇದೇ ಪದ್ಧತಿ. ಹೊಸದಾಗಿ ಕಟ್ಟಿದವನ ಎದೆ ಡವಗುಟ್ಟುವುದು ಅಲ್ಲಿ. ಕತೆಯಲ್ಲಿ ತಪ್ಪಿದರೆ, ಪ್ರಾಸ ಸಡಿಲಾದರೆ ಎದುರಿನವರು ಹಿಡಿಯುತ್ತಾರೆ, ಕೂತ ಮುದುಕರೂ ಬಿಡುವುದಿಲ್ಲ. ಕವಿಯ ಅನುಮಾನ ಕವಿಯ ತಲೆಯೊಳಗೆ ಕೊಳೆಯದೆ ಹೊರಗೆ ಬಂದು ಎದುರಿಗೆ ಕೂರುತ್ತದೆ. ಅದಕ್ಕೆ ಮುಖವಿದೆ, ಮೀಸೆಯಿದೆ, ಕೈಯಲ್ಲಿ ಡಪ್ಪಿದೆ. ಜವಾಬು ಕೊಟ್ಟು ಅದರಿಂದ ಪಾರಾಗಬಹುದು.

ಸಿಂಧನೂರಿನ ಹುಡುಗನಿಗೆ ಇಲ್ಲದಿರುವುದು ಇದೇ. ಎಡದಂಡೆ ಕಾಲುವೆ ಬಂದ ಮೇಲೆ ಭತ್ತ, ರೈಸ್‌ಮಿಲ್ಲು, ಟ್ರ್ಯಾಕ್ಟರಿನಿಂದ ಬೆಳೆದ ಊರು ಅದು. ಪೇಟೆಯಲ್ಲಿ ಕನ್ನಡದ ಜೊತೆ ತೆಲುಗು, ದಖನಿ ಉರ್ದು, ಪೂರ್ವ ಪಾಕಿಸ್ತಾನದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದವರ ಬಂಗಾಳಿ ಎಲ್ಲ ಕೇಳುತ್ತದೆ. ಇಷ್ಟು ಕಿವಿಗಳಿರುವ ಊರಿನಲ್ಲಿ ಕೂತು ಅವನು ಬಾಗಿಲು ಹಾಕಿಕೊಂಡು, ಕೊಂಡು ತಂದ ಟ್ರ್ಯಾಕಿನ ಮೇಲೆ ಹಾಡಿ ಮೇಲೇರಿಸುತ್ತಾನೆ. ಆಮೇಲೆ ನೋಡುವುದು ವ್ಯೂಸಿನ ಅಂಕಿ. ಅಂಕಿ ಪ್ರಶ್ನೆ ಕೇಳುವುದಿಲ್ಲ. ಎರಡನೆಯ ನುಡಿ ಸಪ್ಪೆ ಎಂದಾಗಲಿ, ಈ ಮಟ್ಟು ಹೋದ ವರ್ಷ ಇನ್ನೊಬ್ಬ ಹಾಡಿದ್ದೇ ಎಂದಾಗಲಿ ಹೇಳುವುದಿಲ್ಲ. ಏರಿದರೆ ಸೊಕ್ಕು, ಇಳಿದರೆ ಕೊರಗು. ಈ ಕೊರಗನ್ನೇ ನಾವು ಸೃಜನಶೀಲನ ಆತ್ಮಸಂಶಯ ಎಂದು ದೊಡ್ಡದು ಮಾಡುತ್ತಿದ್ದೇವೆ. ಇವರೆಲ್ಲ ಒಂದೇ ಥರ ಹಾಡುತ್ತಾರೆ, ಜಾನಪದ ಕೆಡಿಸಿದರು ಎಂದು ಗೊಣಗುವ ಹಿರಿಯರನ್ನು ನಾನು ಒಪ್ಪುವುದಿಲ್ಲ. ಒಂದೇ ಮಟ್ಟಿನ ಮೇಲೆ ನೂರು ಪದ ಕಟ್ಟುವುದು ತತ್ವಪದದವರೂ ಮಾಡಿದ್ದೇ. ಏಕತಾರಿ, ದಮ್ಮಡಿಯ ಮುಂದೆ ಬೆಳಗಿನವರೆಗೆ ಕೂರುವ ಭಜನೆಯಲ್ಲಿ ಮಟ್ಟು ಎಷ್ಟಿದ್ದಾವು? ಗೊಣಗುವ ಹಿರಿಯರು ಎದುರು ಕೂತು ಸವಾಲು ಹಾಕಲಿ. ಅದು ಅವರ ಕೆಲಸವಾಗಿತ್ತು, ಬಿಟ್ಟವರು ಅವರೇ.

ಎದುರಾಡುವ ಕಿವಿಯೂ ಗುರುವಿನ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ, ಬರಬೇಕು. ದಾಸರ ಅಂಕಿತ ಯಾವ ಜಾತಿಯ ಗಂಡಸರಿಗೆ ಸಲೀಸಾಗಿ ಸಿಕ್ಕಿತೆಂಬುದು ಗುಟ್ಟಲ್ಲ. ಹಲಗೆ ಬಡಿದವರಿಗೆ, ಚೌಡಿಕೆ ಹಿಡಿದವರಿಗೆ ತಮ್ಮ ಮೇಲೆ ಬಂದ ಅನುಮಾನ ಊರು ಹೇರಿದ್ದು. ಅವರ ಮಟ್ಟಿಗೆ 'ಊರಿನ ಮಾತಿಗೆ ಕಿವಿ ಮುಚ್ಚಿಕೋ' ಎಂಬುದು ಟೀವಿಯ ಮಾತಲ್ಲ, ಬದುಕುವ ದಾರಿ. ಇಷ್ಟನ್ನು ನಾನು ಒಪ್ಪುತ್ತೇನೆ. ಆದರೆ ಪಕ್ಕದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರನ್ನು ನೋಡಿ. ಮನೆಯಿಂದ ದೂರಾಗಿ, ಸಾಯಲೂ ಹೊರಟು ಉಳಿದವರು. ಅವರನ್ನು 2021ರ ಪದ್ಮಶ್ರೀವರೆಗೆ ತಂದ ಕಲೆ ಪಳಗಿದ್ದು ಒಂಟಿಯಾಗಿ ಒಳಗೆ ಇಳಿದಾಗಲ್ಲ, ಕಾಳವ್ವ ಜೋಗತಿಯವರ ಮೇಳ ಸೇರಿದಾಗ. ಊರು ಬಾಗಿಲು ಮುಚ್ಚಿದಾಗ ಅವರು ಇನ್ನೊಂದು ಬಾಗಿಲನ್ನು ತಟ್ಟಿದರು. ಆ ಬಾಗಿಲ ಹಿಂದೆಯೂ ಹಾಡು ತಿದ್ದುವವರೊಬ್ಬರು ಕೂತಿದ್ದರು.

ರಿವಾಯತ್ ಪದಗಳೂ ಈಗ ಯೂಟ್ಯೂಬಿಗೆ ಬಂದಿವೆ. ಹಲವು ಕಡೆ ಸವಾಲು ಕತ್ತರಿಸಿ ಹೋಗಿ ಜವಾಬೊಂದೇ ಉಳಿದಿರುತ್ತದೆ, ಚಿತ್ರಪಟ ಹಾಕಿ, ಹಾಡಿದವನ ಹೆಸರನ್ನು ದೊಡ್ಡದಾಗಿ ಬರೆದು. ದನಿ ಚೆನ್ನಾಗಿಯೇ ಇರುತ್ತದೆ. ಅವನು ಯಾರಿಗೆ, ಏನಂತ ಉತ್ತರ ಕೊಡುತ್ತಿದ್ದಾನೆ ಎಂಬುದು ಮಾತ್ರ ಕೇಳುವವನಿಗೆ ತಿಳಿಯುವುದಿಲ್ಲ. ಮುಂದಿನ ಮೊಹರಮ್ಮಿಗೆ ಹೊಸ ಪದ ಕಟ್ಟಲು ಕೂತ ಹುಡುಗ ಆ ತುಂಡನ್ನೇ ಮಾದರಿ ಎಂದುಕೊಳ್ಳುತ್ತಾನೆ.